ಸಾಲ್ಟೇರ್‌ನ ಕಲ್ಲುಗೋಡೆಗೆ ಸುಣ್ಣದ ಗಾರೆ ತುಂಬುವ ಕ್ರಮ

ಇಂಗ್ಲೆಂಡಿನ ಬ್ರಾಡ್‌ಫರ್ಡ್ ಪಕ್ಕದ ಸಾಲ್ಟೇರ್‌ನಲ್ಲಿ ಟೈಟಸ್ ಸಾಲ್ಟ್ ಅವರ ಉಣ್ಣೆ ಗಿರಣಿ 1853ರಲ್ಲಿ ಶುರುವಾಗಿ 1986ರಲ್ಲಿ ಮುಚ್ಚಿತು. ಕಾರ್ಮಿಕರಿಗೆಂದು ಕಟ್ಟಿಸಿದ ಮರಳುಗಲ್ಲಿನ ಮನೆಗಳಲ್ಲಿ ಈಗಲೂ ಜನ ವಾಸವಿದ್ದಾರೆ. 2001ರಿಂದ ಊರು ವಿಶ್ವ ಪರಂಪರೆಯ ತಾಣ, ಮನೆಗಳು ಸಂರಕ್ಷಿತ ಪಟ್ಟಿಯಲ್ಲಿವೆ. ಹಾಗಾಗಿ ಉಳಿ ಹಿಡಿಯುವ ಮೊದಲು ಬ್ರಾಡ್‌ಫರ್ಡ್ ನಗರಾಡಳಿತವನ್ನು ಕೇಳಿ. ಇದ್ದದ್ದನ್ನು ಇದ್ದಂತೆಯೇ ರಿಪೇರಿ ಮಾಡಲು ಸಾಮಾನ್ಯವಾಗಿ ಅನುಮತಿ ಬೇಕಿಲ್ಲ. ಮನೆಯ ಸ್ವರೂಪವೇ ಬದಲಾಗುವ ಕೆಲಸವನ್ನು ಅನುಮತಿಯಿಲ್ಲದೆ ಮಾಡಿದರೆ ಮಾತ್ರ ಅದು ಅಪರಾಧ.

ಸಿಮೆಂಟ್ ಹತ್ತಿರವೂ ಬರಬಾರದು. ಗೋಡೆ ಕುಡಿದ ಮಳೆನೀರು ಕಲ್ಲುಗಳ ನಡುವಿನ ಸಂದಿನ ಮೆತ್ತನೆ ಗಾರೆಯ ಮೂಲಕ ಆರಿಹೋಗಬೇಕು. ಸಿಮೆಂಟ್ ಆ ದಾರಿ ಮುಚ್ಚಿದರೆ ನೀರು ಕಲ್ಲಿನಿಂದಲೇ ಹೊರಬರುತ್ತದೆ. ಅದರೊಳಗಿನ ಉಪ್ಪು ಮೇಲ್ಮೈಯಲ್ಲಿ ಹರಳುಗಟ್ಟುತ್ತದೆ, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಕಲ್ಲಿನ ಮೈ ಹಪ್ಪಳದಂತೆ ಎದ್ದು ಉದುರುತ್ತದೆ. ಕಲ್ಲು ಸವೆದು ಸಿಮೆಂಟ್ ಗೆರೆ ಮಾತ್ರ ಮುಂದೆ ಚಾಚಿಕೊಂಡಿದ್ದರೆ ಕಾರಣ ಇದೇ.

ಸಡಿಲಾದ ಗಾರೆಯನ್ನಷ್ಟೇ ಕೀಳಿ. ಗಟ್ಟಿಯಾಗಿರುವುದು ಎಷ್ಟೇ ಹಳತಾದರೂ ಇರಲಿ. ಕೀಳುವ ಆಳ, ಸಂದಿನ ಅಗಲದ ಎರಡರಷ್ಟು, ಕನಿಷ್ಠ 25 ಮಿ.ಮೀ. ತೆಳು ಉಳಿ, ಸುತ್ತಿಗೆ ಸಾಕು. ಗ್ರೈಂಡರ್ ಒಮ್ಮೆ ಜಾರಿದರೆ ಕಲ್ಲಿನ ಅಂಚು ಹೋದಂತೆಯೇ. ಮರಳುಗಲ್ಲಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಸುಣ್ಣ ಕಣ್ಣನ್ನೂ ಚರ್ಮವನ್ನೂ ಸುಡುತ್ತದೆ: ಮಾಸ್ಕ್, ಕನ್ನಡಕ, ಕೈಗವಸು ತಪ್ಪಿಸಬೇಡಿ.

ಎನ್‌ಎಚ್‌ಎಲ್ 3.5 ಸುಣ್ಣ (ನೀರು ಸೇರಿದರೆ ಗಟ್ಟಿಯಾಗುವ ನೈಸರ್ಗಿಕ ಸುಣ್ಣ, ಅಂಕಿ ಹೆಚ್ಚಿದಷ್ಟೂ ಗಟ್ಟಿ) 1 ಪಾಲು, ತೊಳೆದ ಒರಟು ಮರಳು 3 ಪಾಲು. ಬಕೆಟ್‌ನಲ್ಲಿ ಅಳೆಯಿರಿ, ಸಲಿಕೆ ಲೆಕ್ಕ ಪ್ರತಿ ಸಲವೂ ಬೇರೆಯಾಗುತ್ತದೆ. ಕಲ್ಲು ತೀರಾ ಮೆತ್ತಗಿದ್ದರೆ ಎನ್‌ಎಚ್‌ಎಲ್ 2 ಒಳ್ಳೆಯದು. ಒಣದಾಗಿಯೇ ಬೆರೆಸಿ, ಆಮೇಲೆ ನೀರು ಸ್ವಲ್ಪಸ್ವಲ್ಪವೇ ಹಾಕಿ. ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ಒಸರಬಾರದು. ಎಲ್ಲರೂ ಎಡವುವುದು ಇಲ್ಲೇ: ಸುಲಭವಾಗಿ ಸವರಲು ಬರಲಿ ಎಂದು ನೀರು ಹೆಚ್ಚಿಸುತ್ತಾರೆ, ಒಣಗುವಾಗ ಗಾರೆ ಕುಗ್ಗಿ ಬಿರಿಯುತ್ತದೆ.

ಸಂದಿನ ಧೂಳು ತೆಗೆದು ಗೋಡೆಯನ್ನು ಚೆನ್ನಾಗಿ ನೆನೆಸಿ. ಒಣಗಲ್ಲು ಗಾರೆಯ ನೀರನ್ನು ಹೀರಿಬಿಟ್ಟರೆ ಸುಣ್ಣ ಗಟ್ಟಿಯಾಗದೆ ಪುಡಿಯಾಗುತ್ತದೆ. ಕಿರುಗರಣೆಯಿಂದ ಒಳಗಿನಿಂದ ಒತ್ತುತ್ತ ಬನ್ನಿ. ಆಳವಾದ ಕುಳಿಗೆ ಒಂದು ಸಲಕ್ಕೆ 20 ಮಿ.ಮೀ. ಮೀರಬೇಡಿ. ಗಾರೆ ಕಲ್ಲಿನ ಮುಖಕ್ಕೆ ಮೆತ್ತದೆ ತುಸು ಒಳಗೇ ನಿಲ್ಲಲಿ. ಹೆಬ್ಬೆರಳು ಒತ್ತಿದರೆ ಗುರುತು ಮೂಡದಷ್ಟು ಬಿಗಿದಾಗ ಗಟ್ಟಿ ಎಳೆಯ ಬ್ರಷ್‌ನಿಂದ ಬಡಿಯಿರಿ. ಮೊದಲೇ ಬಡಿದರೆ ಕಿತ್ತುಬರುತ್ತದೆ.

ಒದ್ದೆ ಗೋಣಿತಾಟನ್ನು ಇಳಿಬಿಟ್ಟು ಕನಿಷ್ಠ ಒಂದು ವಾರ ತೇವ ಆರದಂತೆ ನೋಡಿಕೊಳ್ಳಿ. ಜೋರು ಮಳೆಯಿದ್ದರೆ ಮೇಲೆ ಪ್ಲಾಸ್ಟಿಕ್ ಹೊದಿಸಿ. ಉಷ್ಣಾಂಶ 5 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯುವ ದಿನಗಳಲ್ಲಿ ಶುರುಮಾಡಲೇಬೇಡಿ. ಅಕ್ಟೋಬರ್‌ನಲ್ಲಿ ತುಂಬಿದ ಗಾರೆ ಹಸಿಯಿರುವಾಗಲೇ ಹಿಮ ಬಿದ್ದರೆ ವಸಂತದಲ್ಲಿ ಪೂರ್ತಿ ಕಿತ್ತು ಮತ್ತೆ ತುಂಬಬೇಕಾದೀತು.