ಬಂಪರ್ ಸೀಳಿದ್ರೆ ಕ್ಲೇಮ್ ಮಾಡ್ಬೇಕಾ? ಮೊದ್ಲು ಎನ್‌ಸಿಬಿ ಲೆಕ್ಕ ಹಾಕಿ

ಗೊರಗುಂಟೆಪಾಳ್ಯ ಸಿಗ್ನಲ್‌ನಲ್ಲಿ ನಿಂತಿದ್ದೆ, ಹಿಂದಿಂದ ಆಟೋ ಬಂದು ಗುದ್ದೇ ಬಿಡ್ತು. ಬಂಪರ್ ಎಡಗಡೆ ಮೂಲೆ ಸೀಳಿ, ಒಳಗಿನ ಕ್ಲಿಪ್ ಎಲ್ಲ ಕಿತ್ಕೊಂಡು ನೇತಾಡ್ತಿತ್ತು. ಆಟೋದವ್ರು ಜೇಬಲ್ಲಿದ್ದ ಐನೂರು ಕೊಡೋಕೆ ಬಂದ್ರು, ಬೇಡ ಹೋಗಿ ಅಂದೆ. ಮಾರನೇ ದಿನ ಶೋರೂಮಲ್ಲಿ ಸರ್ವಿಸ್ ಅಡ್ವೈಸರ್ ನೋಡಿದ್ದೇ ತಡ "ಕ್ಲೇಮ್ ಹಾಕ್ಬಿಡೋಣ ಸರ್, ನಿಮ್ ಕೈಯಿಂದ ಏನೂ ಹೋಗಲ್ಲ" ಅಂದ. ಹೋಗುತ್ತೆ ಸ್ವಾಮಿ, ಆದ್ರೆ ಇವತ್ತಲ್ಲ, ಮುಂದಿನ ಐದು ವರ್ಷ ಸ್ವಲ್ಪ ಸ್ವಲ್ಪ ಹೋಗುತ್ತೆ. ಯಾಕಂದ್ರೆ ಕ್ಲೇಮ್ ಮಾಡಿದ್ರೆ ಎನ್‌ಸಿಬಿ (ನೋ ಕ್ಲೇಮ್ ಬೋನಸ್), ಅಂದ್ರೆ ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ಇನ್ಶೂರೆನ್ಸ್ ಪ್ರೀಮಿಯಂನಲ್ಲಿ ಸಿಗೋ ಡಿಸ್ಕೌಂಟ್, ಕೈತಪ್ಪುತ್ತೆ.

ಒಂದ್ ಮಾತು ಮೊದ್ಲೇ ಹೇಳ್ಬಿಡ್ತೀನಿ. ಯಾರಿಗಾದ್ರೂ ಪೆಟ್ಟಾಗಿದ್ರೆ ಕೆಳಗಿನ ಲೆಕ್ಕ ಯಾವ್ದೂ ಬೇಡ. ಅವ್ರನ್ನ ಆಸ್ಪತ್ರೆಗೆ ಸೇರ್ಸಿ, ಪೊಲೀಸ್‌ಗೆ ತಿಳ್ಸಿ, ಇನ್ಶೂರೆನ್ಸ್ ಕಂಪನಿಗೂ ಫೋನ್ ಮಾಡಿ. ಮೋಟಾರು ವಾಹನ ಕಾಯ್ದೆ 134ನೇ ಸೆಕ್ಷನ್ ಪ್ರಕಾರ 24 ಗಂಟೆ ಒಳಗೆ ಪೊಲೀಸ್‌ಗೆ ಹೇಳ್ಲೇಬೇಕು. ರೋಡಲ್ಲೇ ಎರಡ್ ಸಾವ್ರ ಕೊಟ್ಟು ಮುಗಿಸ್ದೆ ಅಂದ್ಕೊಂಡಿದ್ದು ಆಮೇಲೆ ಕೋರ್ಟಿಂದ ನೋಟಿಸ್ ಆಗಿ ಮನೆಗೆ ಬರ್ಬಹುದು.

ಬರೀ ತಗಡು-ಪ್ಲಾಸ್ಟಿಕ್ ಪೆಟ್ಟು ಅಂದ್ರೆ ಗಾಡಿ ಪಕ್ಕಕ್ಕೆ ಹಾಕೋ ಮುಂಚೆ ನಾಕು ಫೋಟೋ ತೆಗೀರಿ, ಎರಡೂ ನಂಬರ್ ಪ್ಲೇಟ್ ಕಾಣ್ಬೇಕು. ಗ್ಯಾರೇಜಲ್ಲಿ ಬಂಪರ್ ಬಿಚ್ಚಿಸಿ ಒಳಗೂ ನೋಡ್ಸಿ, ಮೇಲೆ ಒಂದು ಗೀರು ಅಷ್ಟೇ ಇದ್ದು ಒಳಗೆ ರೇಡಿಯೇಟರ್ ಒಡ್ದಿರುತ್ತೆ ಎಷ್ಟೋ ಸಲ. ಎಸ್ಟಿಮೇಟ್ ಒಂದೆರಡು ದಿನದಲ್ಲೇ ತಗೊಳ್ಳಿ, ಲೇಟಾಗಿ ಹೇಳಿದ್ರೆ ಕಂಪನಿಯವ್ರು ತಕರಾರು ತೆಗೀತಾರೆ, ಡ್ಯಾಮೇಜ್ ಲೆಕ್ಕ ಹಾಕೋಕೆ ಕಂಪನಿ ಕಳ್ಸೋ ಸರ್ವೆಯರ್ ನೋಡೋ ಮುಂಚೆ ರಿಪೇರಿ ಮಾಡ್ಸಿದ್ರಂತೂ ಕ್ಲೇಮ್ ಆಸೆ ಬಿಡಿ.

ಈಗ ನನ್ ಬಿಲ್ ನೋಡಿ. ಬಂಪರ್ 6,000, ಪೇಂಟ್ 4,000, ಲೇಬರ್ 1,500, ಒಟ್ಟು 11,500. ನನ್ ಪಾಲಿಸೀಲಿ ಝೀರೋ ಡೆಪ್ (ಪಾರ್ಟ್ ಹಳೇದಾಯ್ತು ಅಂತ ದುಡ್ಡು ಕಟ್ ಮಾಡದೇ ಇರೋ ಆ್ಯಡ್-ಆನ್) ಇರ್ಲಿಲ್ಲ, ಅಂಥ ಪಾಲಿಸೀಲಿ ಪ್ಲಾಸ್ಟಿಕ್, ರಬ್ಬರ್‌ಗೆ ಅರ್ಧ ದುಡ್ಡು ಕಟ್, ಗಾಡಿ ಹೊಸದಾದ್ರೂ ಅಷ್ಟೇ. ಬಂಪರ್‌ಗೆ 3,000 ಹೋಯ್ತು, ಪೇಂಟ್ ಮೆಟೀರಿಯಲ್‌ಗೆ 500 ಹೋಯ್ತು, ಮೇಲೆ ಕಡ್ಡಾಯ ಡಿಡಕ್ಟಿಬಲ್, ಅಂದ್ರೆ ಪ್ರತಿ ಕ್ಲೇಮಲ್ಲೂ ನಾವೇ ಹಾಕ್ಬೇಕಾದ ಪಾಲು, 1,000 (1500 ಸಿಸಿ ದಾಟಿದ್ರೆ 2,000). ಕೈಗೆ ಬರೋದು 7,000.

ಕಳ್ಕೊಳ್ಳೋದು ಎಷ್ಟು? ಕ್ಲೇಮ್ ಇಲ್ದೆ ವರ್ಷ ಕಳೆದ ಹಾಗೆ ಎನ್‌ಸಿಬಿ 20, 25, 35, 45, 50 ಪರ್ಸೆಂಟ್ ಏರುತ್ತೆ, ಇದು ಓನ್ ಡ್ಯಾಮೇಜ್ (ನಮ್ ಗಾಡಿ ಪೆಟ್ಟಿಗೆ) ಪ್ರೀಮಿಯಂಗೆ ಮಾತ್ರ, ಥರ್ಡ್ ಪಾರ್ಟಿಗಿಲ್ಲ (ಬೇರೆಯವ್ರಿಗಾಗೋ ನಷ್ಟದ್ದು). ನನ್ ಓನ್ ಡ್ಯಾಮೇಜ್ ಪ್ರೀಮಿಯಂ ಡಿಸ್ಕೌಂಟ್ ಮುಂಚೆ 12,000, ಎನ್‌ಸಿಬಿ 45ರಲ್ಲಿತ್ತು, ಮುಂದಿನ ರಿನ್ಯೂವಲ್‌ಗೆ 50 ಆಗ್ಬೇಕಿತ್ತು. ಕ್ಲೇಮ್ ಮಾಡಿದ್ರೆ ಸೀದಾ ಸೊನ್ನೆ. ಹಾವು ಏಣಿ ಆಟ ಇದ್ದಂಗೆ, 98ರಲ್ಲಿ ಹಾವು ಕಚ್ಚಿದ್ರೆ ಕೆಳಗೇ. ಸೊನ್ನೆಯಿಂದ ಮತ್ತೆ 50ಕ್ಕೆ ಹತ್ತೋವರೆಗೆ ಮೊದಲ ವರ್ಷ 6,000 ಜಾಸ್ತಿ, ಆಮೇಲೆ 3,600, 3,000, 1,800, 600. ಕೂಡಿದ್ರೆ 15,000. ಗಾಡಿ ಹಳೇದಾದಂಗೆ ಪ್ರೀಮಿಯಂ ಇಳಿಯೋದ್ರಿಂದ ಸ್ವಲ್ಪ ಕಮ್ಮಿ ಅಂದ್ಕೊಳ್ಳಿ, ಆದ್ರೂ 7,000ಕ್ಕಿಂತ ಎಷ್ಟೋ ಮೇಲೆ. ತಪ್ಪು ಆಟೋದವ್ರದ್ದು ತಾನೇ ಅಂತೀರಾ, ನಿಮ್ ಪಾಲಿಸಿಯಿಂದ ಕ್ಲೇಮ್ ಮಾಡಿದ್ರೆ ಎನ್‌ಸಿಬಿ ನಿಮ್ದೇ ಹೋಗೋದು. ಅವ್ರ ಥರ್ಡ್ ಪಾರ್ಟಿ ಇನ್ಶೂರೆನ್ಸಿಂದ ವಸೂಲಿ ಮಾಡ್ತೀನಿ ಅಂದ್ರೆ ಅಪಘಾತ ಪರಿಹಾರದ ಟ್ರಿಬ್ಯೂನಲ್‌ಗೆ (ಕೋರ್ಟ್ ಥರದ್ದು) ಅಲೀಬೇಕು, ಒಂದು ಬಂಪರ್‌ಗೋಸ್ಕರ ಯಾರು ಹೋಗ್ತಾರೆ.

ಉಲ್ಟಾ ಆಗೋದೂ ಇದೆ. ಗಾಡಿ ತಗೊಂಡು ಇನ್ನೂ ವರ್ಷ ತುಂಬದೇ, ಎನ್‌ಸಿಬಿ ಇನ್ನೂ ಏರದೇ ಇದ್ದು, ಝೀರೋ ಡೆಪ್ ಇದ್ದು, ಡೋರು ಹೆಡ್‌ಲೈಟು ಎಲ್ಲ ಹೋಗಿ ಬಿಲ್ ಐವತ್ತು ಸಾವ್ರ ಬಂದ್ರೆ ಕಣ್ಮುಚ್ಚಿ ಕ್ಲೇಮ್ ಮಾಡಿ. ಎನ್‌ಸಿಬಿ ಪ್ರೊಟೆಕ್ಟ್ ಆ್ಯಡ್-ಆನ್ ಇದ್ರೂ ಅಷ್ಟೇ, ಎಷ್ಟು ಕ್ಲೇಮ್‌ವರೆಗೆ ಅಂತ ಪಾಲಿಸೀಲಿ ಓದ್ಕೊಳ್ಳಿ. ಇದೇ ವರ್ಷ ಆಗ್ಲೇ ಒಂದು ಕ್ಲೇಮ್ ಆಗಿದ್ರೆ ಎನ್‌ಸಿಬಿ ಹೆಂಗೂ ಹೋಗಿದೆ, ಎರಡನೇದಕ್ಕೆ ಹೊಸದಾಗಿ ಕಳ್ಕೊಳ್ಳೋದು ಡಿಡಕ್ಟಿಬಲ್, ಝೀರೋ ಡೆಪ್ ಇಲ್ದಿದ್ರೆ ಪಾರ್ಟ್ ಮೇಲಿನ ಕಟ್, ಅಷ್ಟೇ. ಆದ್ರೆ ಹಳೇ ಗೀರುಗಳನ್ನೆಲ್ಲ ಒಂದೇ ಆಕ್ಸಿಡೆಂಟ್ ಅಂತ ಸೇರ್ಸೋಕೆ ಹೋಗ್ಬೇಡಿ, ತುಕ್ಕು ನೋಡಿದ್ರೆ ಸರ್ವೆಯರ್‌ಗೆ ಗೊತ್ತಾಗುತ್ತೆ. ಕಂಪನಿ ಬದಲಾಯ್ಸಿ ಹಳೇ ಕ್ಲೇಮ್ ಮುಚ್ಚಿಡೋದೂ ಬೇಡ, ಹಳೇ ಕಂಪನೀಲಿ ವಿಚಾರಿಸ್ತಾರೆ.

ನಾನು ಕೊನೆಗೆ ಪೀಣ್ಯದ ಹತ್ರ ಒಂದು ಸಣ್ಣ ಗ್ಯಾರೇಜ್‌ಗೆ ಹೋದೆ. ಬಂಪರ್ ಬದ್ಲಾಯ್ಸದೇ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿ, ಪೇಂಟ್ ಹೊಡ್ದು 4,500 ತಗೊಂಡ್ರು. ಬಿಸ್ಲಲ್ಲಿ ಬಗ್ಗಿ ನೋಡಿದ್ರೆ ಬಣ್ಣ ಒಂದು ಚೂರು ಬೇರೆ ಕಾಣುತ್ತೆ, ನನ್ ಹೆಂಡ್ತಿ ಬಿಟ್ರೆ ಇನ್ಯಾರೂ ಕೇಳಿಲ್ಲ.