ಪ್ರಿ ಆಂಪ್ ಕೊಳ್ಳುವ ಮುನ್ನ ಮೂರು ಲೆಕ್ಕ

ಮನೆಯ ಆಡಿಯೊ ಸೆಟ್ಟಿನಲ್ಲಿ ಹಾಡು ಹಾಕಿದರೆ ತಂಬೂರಿಯ ಝೇಂಕಾರ ಮಂಕಾಗಿತ್ತು. ಗಾಯಕರ ದನಿ ಸರಿಯಾಗಿತ್ತು, ತಬಲಾದ ಎಡವೂ ತುಂಬಿಕೊಂಡು ಕೇಳುತ್ತಿತ್ತು. ತಂತಿಯ ಮಿನುಗು ಮಾತ್ರ ಪಕ್ಕದ ಕೋಣೆಯಿಂದ ಬಂದಂತಿತ್ತು. ಸ್ಪೀಕರನ್ನೂ ಅದನ್ನು ನುಡಿಸುವ ಪವರ್ ಆಂಪನ್ನೂ ಬಹಳ ದಿನ ಅನುಮಾನಿಸಿದ ಮೇಲೆ ದೋಷ ಸಿಕ್ಕಿದ್ದು ಪವರ್ ಆಂಪ್‌ಗೆ ಮುಂಚೆ ಕೂತು ವಾಲ್ಯೂಮ್ ನಿಯಂತ್ರಿಸುವ ಪೆಟ್ಟಿಗೆಯಲ್ಲಿ, ನಾನೇ ಜೋಡಿಸಿದ್ದ ಪ್ಯಾಸಿವ್ ಪ್ರಿ ಆಂಪ್‌ನಲ್ಲಿ. ಅದರೊಳಗೆ 100 ಕಿಲೋ ಓಮ್‌ನ ವಾಲ್ಯೂಮ್ ಪಾಟ್ (ಗುಂಡಿ ತಿರುಗಿಸಿ ತಡೆ ಬದಲಿಸುವ ಬಿಡಿಭಾಗ) ಇತ್ತು, ಅಲ್ಲಿಂದ ಪವರ್ ಆಂಪ್‌ಗೆ 5 ಮೀಟರ್ ಕೇಬಲ್. ಪ್ಯಾಸಿವ್ ವಿಧಾನ ಕೆಟ್ಟದ್ದಲ್ಲ. ಆ ಪಾಟ್‌ಗೂ ಆ ಕೇಬಲ್‌ಗೂ ಕೂಡಿಬರಲಿಲ್ಲ, ಅಷ್ಟೇ.

ಪ್ಯಾಸಿವ್ ಪ್ರಿ ಆಂಪ್ ಎಂದರೆ ಸಾಮಾನ್ಯವಾಗಿ ಒಂದು ಸ್ವಿಚ್, ಒಂದು ಪಾಟ್. ಅದಕ್ಕೆ ವಿದ್ಯುತ್ ಬೇಡ. ಬಂದ ಸಿಗ್ನಲನ್ನು ತಗ್ಗಿಸುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ಆ್ಯಕ್ಟಿವ್ ಪ್ರಿ ಆಂಪ್‌ನಲ್ಲಿ ಟ್ರಾನ್ಸಿಸ್ಟರ್, ಐಸಿ ಅಥವಾ ವಾಲ್ವ್ ಇರುತ್ತದೆ. ಅದು ಸಿಗ್ನಲನ್ನು ಹೆಚ್ಚಿಸಬಲ್ಲದು, ಉದ್ದದ ಕೇಬಲ್‌ನ ಆಚೆಗೂ ಗಟ್ಟಿಯಾಗಿ ದಾಟಿಸಬಲ್ಲದು. ಯಾವುದು ಶುದ್ಧ, ಯಾವುದು ಶ್ರೇಷ್ಠ ಎಂಬ ವಾದಕ್ಕೆ ಕೊನೆಯಿಲ್ಲ. ನಿಮ್ಮ ಮನೆಯ ಲೆಕ್ಕಕ್ಕೆ ಉತ್ತರವಿದೆ.

ಮೊದಲನೆಯದು ವೋಲ್ಟೇಜ್. ಪವರ್ ಆಂಪ್ ಪೂರ್ಣ ಶಕ್ತಿ ಕೊಡಲು ಎಷ್ಟು ವೋಲ್ಟ್ ಬೇಕು ಎಂಬುದು ಅದರ ಕೈಪಿಡಿಯಲ್ಲಿ ಇರುತ್ತದೆ. ಇಲ್ಲದಿದ್ದರೆ ನೀವೇ ಕಂಡುಕೊಳ್ಳಬಹುದು. 8 ಓಮ್ ಸ್ಪೀಕರ್‌ಗೆ 50 ವಾಟ್ ಕೊಡುವ ಆಂಪ್ ಎಂದುಕೊಳ್ಳಿ: 50ನ್ನು 8ರಿಂದ ಗುಣಿಸಿದರೆ 400, ಅದರ ವರ್ಗಮೂಲ 20, ಅಂದರೆ ಸ್ಪೀಕರ್‌ಗೆ 20 ವೋಲ್ಟ್ ಹೋಗಬೇಕು. ಆಂಪ್‌ನ ಗೇನ್ (ಸಿಗ್ನಲನ್ನು ಹೆಚ್ಚಿಸುವ ಪ್ರಮಾಣ) 26 ಡೆಸಿಬೆಲ್, ಅಂದರೆ 20 ಪಟ್ಟು ಇದ್ದರೆ ಅದಕ್ಕೆ 1 ವೋಲ್ಟ್ ಸಾಕು. ಸಿ.ಡಿ. ಪ್ಲೇಯರ್‌ಗಳು ಮತ್ತು ಬಹುತೇಕ ಡ್ಯಾಕ್‌ಗಳು (ಡಿಜಿಟಲ್ ಸಂಗೀತವನ್ನು ಅನಲಾಗ್ ಸಿಗ್ನಲ್ ಆಗಿಸುವ ಉಪಕರಣಗಳು) ಗರಿಷ್ಠ 2 ವೋಲ್ಟ್‌ವರೆಗೆ ಕೊಡುತ್ತವೆ. ಇಂಥ ಕಡೆ ಇನ್ನೂ ಹೆಚ್ಚಿಸುವ ಪ್ರಿ ಆಂಪ್ ತಂದರೆ ವಾಲ್ಯೂಮ್ ಗುಂಡಿಯನ್ನು ಸದಾ ತಳದಲ್ಲೇ ಇಡಬೇಕಾಗುತ್ತದೆ. ಸಾಧಾರಣ ಪಾಟ್‌ಗಳಲ್ಲಿ ಎಡ-ಬಲ ಚಾನೆಲ್‌ಗಳ ಹೊಂದಾಣಿಕೆ ತಪ್ಪುವುದು ಅಲ್ಲಿಯೇ.

ಎಲ್‌ಪಿ ಕೇಳುವವರ ಸ್ಥಿತಿ ಬೇರೆ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್ (ರೆಕಾರ್ಡನ್ನು ಓದುವ ಸೂಜಿಯಿರುವ ಭಾಗದ ಒಂದು ಬಗೆ) ಕೊಡುವುದು ಸುಮಾರು 5 ಮಿಲಿವೋಲ್ಟ್. ಫೋನೊ ಸ್ಟೇಜ್ ಅದನ್ನು 40 ಡೆಸಿಬೆಲ್, ಅಂದರೆ 100 ಪಟ್ಟು ಹೆಚ್ಚಿಸಿದರೂ ಸಿಗುವುದು ಅರ್ಧ ವೋಲ್ಟ್. ಮೇಲಿನ ಆಂಪ್‌ಗೆ ಅರ್ಧ ವೋಲ್ಟ್ ಕೊಟ್ಟರೆ 50ರ ಕಾಲು ಭಾಗ, 12.5 ವಾಟ್ ಮಾತ್ರ. ಚಿಕ್ಕ ಕೋಣೆಯಲ್ಲಿ, ಕಡಿಮೆ ಶಕ್ತಿಗೇ ಚೆನ್ನಾಗಿ ದನಿ ಕೊಡುವ ಸ್ಪೀಕರ್ ಇದ್ದರೆ ಅದು ಧಾರಾಳವಾಯಿತು. ದೊಡ್ಡ ಹಜಾರಕ್ಕೆ ಸಾಲದು. ಅಲ್ಲಿ ಗೇನ್ ಇರುವ ಆ್ಯಕ್ಟಿವ್ ಪ್ರಿ ಆಂಪ್ ಬೇಕು. ಫೋನೊ ಸ್ಟೇಜ್ ಇಲ್ಲದೆ ಟರ್ನ್‌ಟೇಬಲನ್ನು ನೇರವಾಗಿ ಪ್ಯಾಸಿವ್ ಪೆಟ್ಟಿಗೆಗೆ ಜೋಡಿಸುವುದಂತೂ ಆಗದ ಕೆಲಸ.

ಎರಡನೆಯದು ಇಂಪೀಡೆನ್ಸ್, ಅಂದರೆ ಸಿಗ್ನಲ್‌ಗೆ ಎದುರಾಗುವ ತಡೆ. ಮುಂದಿನ ಉಪಕರಣದ ಇನ್‌ಪುಟ್ ಇಂಪೀಡೆನ್ಸ್ ಹಿಂದಿನದರ ಔಟ್‌ಪುಟ್ ಇಂಪೀಡೆನ್ಸ್‌ಗಿಂತ ಕನಿಷ್ಠ 10 ಪಟ್ಟು ಇರಲಿ. ಪಾಟ್‌ನ ಔಟ್‌ಪುಟ್ ಇಂಪೀಡೆನ್ಸ್ ಗುಂಡಿ ತಿರುಗಿದಂತೆ ಬದಲಾಗುತ್ತದೆ; ಸಿಗ್ನಲ್ ಅರ್ಧಕ್ಕೆ ಇಳಿದ ಜಾಗದಲ್ಲಿ ಅದು ಅತಿ ಹೆಚ್ಚು, ಪಾಟ್ ಮೌಲ್ಯದ ಕಾಲು ಭಾಗ. 10 ಕಿಲೋ ಓಮ್ ಪಾಟ್‌ಗೆ 2.5 ಕಿಲೋ ಓಮ್ ಆಯಿತು, ಆದ್ದರಿಂದ 47 ಕಿಲೋ ಓಮ್ ಇನ್‌ಪುಟ್‌ನ ಪವರ್ ಆಂಪ್‌ಗೆ ತೊಂದರೆಯಿಲ್ಲ. ಆಂಪ್‌ನ ಇನ್‌ಪುಟ್ 10 ಕಿಲೋ ಓಮ್ ಇದ್ದರೆ ಪ್ಯಾಸಿವ್ ಆಸೆ ಬಿಡುವುದೇ ಮೇಲು. ಹಿಂದಿನ ಕಡೆಯನ್ನೂ ನೋಡಿ: 100 ಓಮ್‌ನ ಡ್ಯಾಕ್‌ಗೆ 10 ಕಿಲೋ ಓಮ್ ಪಾಟ್ ಹೊರೆಯಲ್ಲ, 2 ಕಿಲೋ ಓಮ್‌ನ ವಾಲ್ವ್ ಔಟ್‌ಪುಟ್‌ಗೆ ಹೊರೆ.

ಮೂರನೆಯದು ಕೇಬಲ್. ಸಾಮಾನ್ಯ ಕೇಬಲ್‌ನಲ್ಲಿ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ (ವಿದ್ಯುದಂಶವನ್ನು ಹಿಡಿದಿಡುವ ಗುಣ) ಇರುತ್ತದೆ. ನನ್ನ 100 ಕಿಲೋ ಓಮ್ ಪಾಟ್‌ನ 25 ಕಿಲೋ ಓಮ್ ಮತ್ತು 5 ಮೀಟರ್ ಕೇಬಲ್‌ನ 500 ಪಿಕೋಫ್ಯಾರಡ್ ಸೇರಿ 13 ಕಿಲೋಹರ್ಟ್ಸ್ ಸುಮಾರಿಗೇ ಸಿಗ್ನಲನ್ನು 3 ಡೆಸಿಬೆಲ್ ಇಳಿಸುತ್ತಿದ್ದವು. ತಂಬೂರಿಯ ಮಿನುಗು ಸೋರಿದ್ದು ಅಲ್ಲಿಯೇ. 10 ಕಿಲೋ ಓಮ್ ಪಾಟ್, ಒಂದು ಮೀಟರ್ ಕೇಬಲ್ ಎಂದಾದರೆ ಆ ಮಿತಿ 600 ಕಿಲೋಹರ್ಟ್ಸ್ ದಾಟುತ್ತದೆ. ಕಿವಿಗೆ ಅದರ ಸುಳಿವೂ ಸಿಗದು. ಹಾಗಾಗಿ ಪ್ಯಾಸಿವ್ ಪೆಟ್ಟಿಗೆಯನ್ನು ಪವರ್ ಆಂಪ್‌ನ ಮಗ್ಗುಲಲ್ಲೇ ಇಡಿ, ಉದ್ದ ಬೇಕಾದರೆ ಅದು ಸ್ಪೀಕರ್ ತಂತಿಯಲ್ಲಿ ಇರಲಿ.

ವೋಲ್ಟೇಜ್ ಸಾಕಷ್ಟಿದೆ, ಇಂಪೀಡೆನ್ಸ್ ಅಥವಾ ಕೇಬಲ್ ಮಾತ್ರ ಅಡ್ಡಿ ಎಂದಾದರೆ ಬಫರ್ ಎಂಬ ನಡುದಾರಿಯಿದೆ. ಅಮೆರಿಕದ ವಿನ್ಯಾಸಕ ನೆಲ್ಸನ್ ಪಾಸ್ 2008ರಲ್ಲಿ ಪ್ರಕಟಿಸಿದ ಬಿ1 ಇಂಥದ್ದು. ಅದು ವೋಲ್ಟೇಜ್ ಹೆಚ್ಚಿಸುವುದಿಲ್ಲ, ಜೆಫೆಟ್ ಎಂಬ ಬಗೆಯ ಟ್ರಾನ್ಸಿಸ್ಟರ್‌ಗಳ ನೆರವಿನಿಂದ ಕೇಬಲ್‌ನ ಹೊರೆಯನ್ನು ಹೊರುತ್ತದೆ. ಕೈಯಲ್ಲಿ ಬೆಸುಗೆ ಕಡ್ಡಿ ಹಿಡಿದು ಅಭ್ಯಾಸವಿರುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಹಣ ಹಾಕುವ ಮುನ್ನ ಒಂದು ಪರೀಕ್ಷೆ. ಡ್ಯಾಕ್‌ನಲ್ಲೇ ವಾಲ್ಯೂಮ್ ಇದ್ದರೆ ಅದನ್ನು ಪೂರ್ತಿ ತಗ್ಗಿಸಿ, ನೇರವಾಗಿ ಪವರ್ ಆಂಪ್‌ಗೆ ಜೋಡಿಸಿ, ನಿಧಾನವಾಗಿ ಏರಿಸಿ. ತಗ್ಗಿಸಲು ಮರೆತರೆ ಸ್ಪೀಕರಿನ ಟ್ವೀಟರ್ (ಏರುಸ್ವರ ನುಡಿಸುವ ಚಿಕ್ಕ ಭಾಗ) ಸುಟ್ಟೀತು. ಮೆಲುದನಿಯಲ್ಲಿ ಧ್ವನಿಮುದ್ರಿಸಿದ ಆಲಾಪ ಹಾಕಿ ನೋಡಿ. ಅದೂ ನಿಮಗೆ ಬೇಕಾದಷ್ಟು ಏರಿದರೆ ಗೇನ್‌ಗೆ ದುಡ್ಡು ಕೊಡಬೇಕಿಲ್ಲ. ಏರದಿದ್ದರೆ ಆ್ಯಕ್ಟಿವ್ ಕೊಳ್ಳಿ, ಅದರಲ್ಲಿ ಹಿಂಜರಿಯುವಂಥದ್ದೇನೂ ಇಲ್ಲ. ಆಗ ಪ್ರಿ ಆಂಪನ್ನು ಮೊದಲು ಹಚ್ಚಿ, ಅರೆನಿಮಿಷ ಬಿಟ್ಟು ಪವರ್ ಆಂಪ್ ಹಚ್ಚಿ. ಆರಿಸುವಾಗ ಪವರ್ ಆಂಪ್ ಮೊದಲು.