ಸಂತೋಷ್ ಟ್ರೋಫಿಯ ಐದು ಗೆಲುವು, ಅರವತ್ತು ಅಡಿ ಗೋಡೆ

ಬೆಂಗಳೂರಿನ ಒಂದು ಫುಟ್‌ಬಾಲ್ ಮೈದಾನದ ಕಾಂಪೌಂಡ್ ಗೋಡೆ. 60 ಅಡಿ ಉದ್ದ, 8 ಅಡಿ ಎತ್ತರ, ಪಶ್ಚಿಮಕ್ಕೆ ಮುಖ. ಅದರ ಮೇಲೆ ನಮ್ಮ ರಾಜ್ಯ ತಂಡದ ಚರಿತ್ರೆ ಬರೆಯಬೇಕಿತ್ತು. ನಾಲ್ಕು ಜನ, 19 ದಿನ. ಚಿತ್ರಕ್ಕೆ ಕೈ ಹಚ್ಚಿದ್ದು ಎಂಟನೇ ದಿನ. ಅಲ್ಲಿಯವರೆಗೆ ಗೋಡೆ ಸಿದ್ಧ ಮಾಡಿದ್ದೇ ಕೆಲಸ.

ಮೊದಲು ತೀರ್ಮಾನವಾಗಬೇಕಾದದ್ದು ಬಣ್ಣವಲ್ಲ, ಬರಹ. ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ನಮಗೆ ಬಂದದ್ದು 1946-47, 1952-53, 1967-68, 1968-69, ಆಮೇಲೆ 2022-23ರಲ್ಲಿ. ಮೊದಲ ನಾಲ್ಕೂ ಮೈಸೂರು ತಂಡದ ಹೆಸರಲ್ಲಿ. ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಎಲ್ಲಕ್ಕೂ ‘ಕರ್ನಾಟಕ’ ಎಂದೇ ಬರೆಯಿರಿ ಎಂಬ ಒತ್ತಾಯ ಬಂದೇ ಬರುತ್ತದೆ. ಒಪ್ಪಬಾರದು. ಆ ಹುಡುಗರು ಆಡಿದ್ದು ಮೈಸೂರಿಗೆ, ಗೋಡೆಯ ಮೇಲೂ ಹಾಗೇ ಇರಬೇಕು. ವರ್ಷವನ್ನು ಋತುವಿನ ಲೆಕ್ಕದಲ್ಲಿ ಎರಡೂ ಅಂಕಿ ಸೇರಿಸಿ ಬರೆದರೆ ‘46ಓ 47ಓ’ ಎಂಬ ಜಗಳವಿಲ್ಲ.

ನಾಲ್ಕನೆಯ ಗೆಲುವಿಗೂ ಐದನೆಯದಕ್ಕೂ ನಡುವೆ 54 ವರ್ಷದ ಬರ. ಅದನ್ನು ಮುಚ್ಚಿಡದೆ ಅಳತೆಯಲ್ಲೇ ತೋರಿಸಿದೆವು. ಮೊದಲ ನಾಲ್ಕಕ್ಕೆ 30 ಅಡಿ, ಆಮೇಲೆ 14 ಅಡಿ ಬರೀ ಖಾಲಿ ಮೈದಾನ ಮತ್ತು ಒಂದು ಗೋಲ್‌ಪೋಸ್ಟ್, ನಂತರ 10 ಅಡಿಯಲ್ಲಿ 2023ರ ಮಾರ್ಚ್ 4ರ ಫೈನಲ್, ಸೌದಿ ಅರೇಬಿಯಾದ ರಿಯಾದ್, ಮೇಘಾಲಯದ ವಿರುದ್ಧ 3-2. ಕೊನೆಯ 6 ಅಡಿ ಖಾಲಿ, ಮುಂದಿನ ಗೆಲುವಿಗೆ.

ಇನ್ನು ಗೋಡೆ. ಎರಡಡಿ ಚೌಕದ ಪಾಲಿಥೀನ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಅಂಟಿಸಿ ಒಂದು ದಿನ ಬಿಡಿ. ಒಳಗೆ ಹನಿ ಕಟ್ಟಿದರೆ ಗೋಡೆಯಲ್ಲಿ ತೇವ ಇದೆ. ನಮ್ಮ ಗೋಡೆಯ ಎಡತುದಿಯಲ್ಲಿ ಹನಿ ಕಟ್ಟಿತ್ತು. ಕಾರಣ, ಹಿಂದುಗಡೆ ಗೋಡೆಗೆ ಒರಗಿಸಿ ಸುರಿದಿದ್ದ ಮಣ್ಣು. ಅದನ್ನು ತೆಗೆಸಿ ಒಣಗಲು ಬಿಟ್ಟ ಮೇಲೆಯೇ ಕೆಲಸ ಶುರು. ತೇವದ ಗೋಡೆಗೆ ಎಷ್ಟು ದುಬಾರಿ ಪೇಂಟ್ ಹೊಡೆದರೂ ಉಪ್ಪು ಹೊರಗೆ ಬಂದು ಅದನ್ನು ಎಬ್ಬಿಸುತ್ತದೆ. ಹೊಸ ಗಾರೆಯಾದರೆ 28 ದಿನ ಕಾಯಲೇಬೇಕು.

ಹಳೆಯ ಸುಣ್ಣವನ್ನು ತಂತಿ ಬ್ರಷ್‌ನಿಂದ ಕೆರೆಯಬೇಕು. ಅಂಗೈ ಉಜ್ಜಿದರೆ ಬಿಳಿ ಪುಡಿ ಹತ್ತುವಷ್ಟು ದಿನ ಪ್ರೈಮರ್ ಡಬ್ಬಿ ತೆರೆಯಬೇಡಿ. ಪಾಚಿಗೆ ಬ್ಲೀಚಿಂಗ್ ಪೌಡರ್ ನೀರು, ಒಂದು ಗಂಟೆ ಬಿಟ್ಟು ಚೆನ್ನಾಗಿ ತೊಳೆಯುವುದು. ಬಿರುಕನ್ನು ಮೇಲಿಂದ ಮೆತ್ತದೆ, ಅಗಲ ಮಾಡಿ ಹೊರಗೋಡೆಯ ಫಿಲ್ಲರ್ ತುಂಬಬೇಕು. ಮೂರಡಿ ಜಾಗಕ್ಕೆ ಅವಸರದಲ್ಲಿ ಒಳಗೋಡೆಯ ಪುಟ್ಟಿ ಬಳಸಿದ್ದೆವು. ಒಂದೇ ಮಳೆಗೆ ಹಪ್ಪಳದಂತೆ ಉಬ್ಬಿತು, ಅಷ್ಟನ್ನೂ ಕಿತ್ತು ಮತ್ತೆ ಮಾಡಬೇಕಾಯಿತು.

480 ಚದರಡಿಗೆ ಹೊರಗೋಡೆಯ ಪ್ರೈಮರ್ 7 ಲೀಟರ್ ಹಿಡಿಯಿತು. ಗಾರೆ ಒರಟಾಗಿದ್ದರಿಂದ ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಹೆಚ್ಚು. ಅದರ ಮೇಲೆ ಬಿಳಿ ಎಕ್ಸ್‌ಟೀರಿಯರ್ ಎಮಲ್ಷನ್ ಎರಡು ಕೋಟ್, 10 ಲೀಟರ್. ನಮ್ಮಲ್ಲಿ ಈ ಕೆಲಸಕ್ಕೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಆದರೆ ಪಶ್ಚಿಮದ ಗೋಡೆ ಮಧ್ಯಾಹ್ನ ಕಾದ ಕಾವಲಿ. ಬ್ರಷ್ ಎಳೆಯುವಷ್ಟರಲ್ಲಿ ಬಣ್ಣ ಒಣಗಿ ಗೆರೆ ಬೀಳುತ್ತದೆ. ಬೆಳಿಗ್ಗೆ 7ರಿಂದ 12ರವರೆಗೆ ಮಾತ್ರ ಕೈ ಹಚ್ಚಿ.

ನಕ್ಷೆ ಒಂದು ಇಂಚಿಗೆ ಒಂದು ಅಡಿ. ಗೋಡೆಯ ಮೇಲೆ ಪುಡಿ ಹಚ್ಚಿದ ದಾರ ಬಿಗಿದು ಹೊಡೆದು ಒಂದಡಿ ಚೌಕಗಳ ಗೆರೆ ಮೂಡಿಸಿದೆವು, ಮುಖ ಬರುವಲ್ಲಿ ಅರ್ಧ ಅಡಿ. ದಾರಕ್ಕೆ ನೀಲಿ ಪುಡಿ ಬೇಡ, ತಿಳಿ ಹಳದಿಯೊಳಗಿಂದ ಇಣುಕುತ್ತಲೇ ಇರುತ್ತದೆ. ತಿಳಿ ಇದ್ದಿಲ ಪುಡಿ ಸಾಕು, ಒರೆಸಿದರೆ ಹೋಗುತ್ತದೆ. ಅಕ್ಷರಗಳಿಗೆ ಬೋರ್ಡ್ ಬರೆಯುವವರ ಹಳೆಯ ಉಪಾಯವೇ ಸರಿ: ಕಾಗದದಲ್ಲಿ ಅಕ್ಷರದ ಅಂಚಿಗೆ ಸೂಜಿಯಿಂದ ಚುಚ್ಚಿ, ಬಟ್ಟೆಯಲ್ಲಿ ಕಟ್ಟಿದ ಇದ್ದಿಲ ಪುಡಿಯಿಂದ ತಟ್ಟುವುದು. ಕನ್ನಡ ಅಕ್ಷರಕ್ಕೆ ಕೆಳಗೆ ಜಾಗ ಬೇಕು. 9 ಇಂಚಿನ ಅಕ್ಷರಕ್ಕೆ 5 ಇಂಚು ಬಿಡದಿದ್ದರೆ ‘ಟ್ರೋ’ದ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ.

ಹಳೆಯ ಫೋಟೋಗಳೆಲ್ಲ ಕಪ್ಪು ಬಿಳುಪು. ಜರ್ಸಿಯ ಬಣ್ಣ ಊಹಿಸಿ ತುಂಬಿದರೆ ಅದು ಸುಳ್ಳು. ಮೊದಲ 30 ಅಡಿ ಪೂರ್ತಿ ಬೂದು ಬಣ್ಣದಲ್ಲೇ ಬರೆದೆವು. ಐದು ಬೂದು ಬಣ್ಣ ಮೊದಲೇ ಕಲೆಸಿ ಡಬ್ಬಿಗೆ ತಿಳಿಯಿಂದ ಗಾಢಕ್ಕೆ 1ರಿಂದ 5 ನಂಬರ್ ಹಾಕಿ. ಮಧ್ಯದ 3ನೇದು ಎರಡರಷ್ಟು ಬೇಕು. ಎಮಲ್ಷನ್ ಒಣಗಿದ ಮೇಲೆ ಗಾಢವಾಗುತ್ತದೆ, ಹಸಿಯಲ್ಲಿ ಹೊಂದಿಸಿದರೆ ಮಾರನೇ ದಿನ ಕೆನ್ನೆ ಮೇಲೆ ತೇಪೆ ಕಾಣುತ್ತದೆ. ಪತ್ರಿಕೆಯಲ್ಲಿ ಅಚ್ಚಾದ ಫೋಟೋ ದೊಡ್ಡದು ಮಾಡಿದರೆ ಬರೀ ಚುಕ್ಕಿ. ಕಣ್ಣು ಅರೆಮುಚ್ಚಿ ನೋಡಿ, ಮೂರೇ ಛಾಯೆಗೆ ಇಳಿಸಿ. ಕಣ್ಣಿನ ಹೊಳಪಿಗೆ ಅಚ್ಚ ಬಿಳಿ ಇಟ್ಟರೆ ಗೊಂಬೆಯಾಗುತ್ತದೆ. 1ನೇ ಬೂದಿನ ಒಂದು ಚುಕ್ಕಿ ಸಾಕು.

ಅತಿ ಹೆಚ್ಚು ಹೊತ್ತು ಹಿಡಿದದ್ದು ಕಾಲುಗಳು. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ತಂಡದಲ್ಲಿ ಹೆಚ್ಚಿನವರು ಬರಿಗಾಲು, ಕೆಲವರಿಗೆ ಬೂಟು. ಹಾಗಾಗಿ ಆ ಕಾಲದ ಆಟಗಾರರ ಕಾಲು ಊಹಿಸುವಂತಿಲ್ಲ. ಫೋಟೋದಲ್ಲಿ ಕಾಲು ಕಾಣದವರನ್ನು ಸೊಂಟದವರೆಗೆ ಮಾತ್ರ ಬರೆದೆವು, ಕಂಡವರಿಗೆ ಕಂಡಂತೆ. ಬರಿಗಾಲಿನ ಹೆಬ್ಬೆರಳು ನೆಲಕ್ಕೆ ಒತ್ತಿದಾಗ ಉಗುರು ಬೆಳ್ಳಗಾಗುತ್ತದೆ, ಪಕ್ಕದ ಬೆರಳು ಅಗಲವಾಗುತ್ತದೆ. ಅದು ಬಂದರೆ ಆಟಗಾರ ನಿಂತಂತೆ ಕಾಣುತ್ತಾನೆ, ಇಲ್ಲದಿದ್ದರೆ ತೇಲುತ್ತಾನೆ. ಮಳೆಯಲ್ಲಿ ಕೆಸರು ಸಿಡಿಯುವುದು ಬುಡದ ಒಂದೂವರೆ ಅಡಿಗೆ. ಅಷ್ಟಕ್ಕೂ ಮೈದಾನದ ಮಣ್ಣಿನ ಬಣ್ಣವನ್ನೇ ಬಳಿದು, ಪಾದಗಳನ್ನು ಎರಡಡಿಯಿಂದ ಮೇಲೆ ಇಟ್ಟೆವು.

ಬಣ್ಣ ಬರುವುದು 2023ರ ಭಾಗಕ್ಕೆ. ಹಳದಿಗೆ ಮುಚ್ಚುವ ಶಕ್ತಿ ಕಡಿಮೆ, ಬಿಳಿಯ ಮೇಲೇ ಮೂರು ಕೋಟ್ ಬೇಕು. ಹೊಳೆಯುವ ಕೆಂಪು ಬಿಸಿಲಿಗೆ ಮೊದಲು ಸೋಲುತ್ತದೆ, ದೊಡ್ಡ ಜಾಗಕ್ಕೆಲ್ಲ ಕೆಮ್ಮಣ್ಣಿನ ಆಕ್ಸೈಡ್ ಕೆಂಪು ಹಾಕಿ, ಹೊಳೆಯುವುದನ್ನು ಅಂಚಿಗಷ್ಟೇ ಇಡಿ.

ಚಿತ್ರ ಮುಗಿದು ಹತ್ತು ದಿನ ಬಿಟ್ಟು ಹೊರಗೋಡೆಯ ಮ್ಯಾಟ್ ಕ್ಲಿಯರ್ ಕೋಟ್ (ಹೊಳಪಿಲ್ಲದ ಪಾರದರ್ಶಕ ಲೇಪ), ತೆಳುವಾಗಿ ಎರಡು ಸಲ. ಬೇಗ ಹೊಡೆದರೆ ಒಳಗಿನ ನೀರು ಸಿಕ್ಕಿಕೊಂಡು ಹಾಲಿನಂತೆ ಮಸುಕಾಗುತ್ತದೆ. ಚೆಂಡಿನ ಗುರುತು ಬಿದ್ದರೆ ಆಮೇಲೆ ಒದ್ದೆ ಬಟ್ಟೆಯಲ್ಲೇ ಹೋಗುತ್ತದೆ. ಕೊನೆಯ 6 ಅಡಿಗೆ ಮಾತ್ರ ಕ್ಲಿಯರ್ ಕೋಟ್ ಹೊಡೆದಿಲ್ಲ. ಕ್ಲಿಯರ್ ಕೋಟ್ ಮೇಲೆ ಹೊಸ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ, ಮುಂದೆ ಬರೆಯುವವರು ಅಷ್ಟನ್ನೂ ಉಜ್ಜಿ ತೆಗೆಯಬೇಕಾಗುತ್ತದೆ.